ಪದವು ಎಂದು ಬರೆಯಬೇಕಿತ್ತು

ಗಿಡ ಒಣಗಿಸುವ ಕೆಲಸಕ್ಕೆ ಓದಿಗಿಂತ ಮೂಗು ಮುಖ್ಯ. ಪೇಪರಿನ ಮಡಿಕೆಯೊಳಗೆ ಎಲೆ ಕೊಳೆಯಲು ಶುರುವಾದದ್ದು ಕಣ್ಣಿಗೆ ಕಾಣುವುದು ಮೂರನೇ ದಿನ. ಮೂಗಿಗೆ ಮರುದಿನವೇ ಗೊತ್ತಾಗುತ್ತದೆ. ಈಗ ಈ ಕೆಲಸಕ್ಕೆ ಸೇರುವ ಹುಡುಗಿಯರಿಗೆ ಎರಡೆರಡು ಡಿಗ್ರಿ ಇರುತ್ತದೆ, ನಿಂತ ಜಾಗ ಯಾವುದೆಂದು ಹೇಳುವ ಯಂತ್ರ ಕೈಯಲ್ಲೇ ಇರುತ್ತದೆ. ಇರಲಿ, ಒಳ್ಳೆಯದೇ. ಆದರೆ ನೆಗಡಿ ಆದ ದಿನ ಒತ್ತಿಟ್ಟ ಗಿಡಗಳನ್ನು ಬೇರೆಯವರಿಂದ ಮೂಸಿಸಿರಿ. ನನಗೆ ಇದನ್ನು ಯಾರೂ ಹೇಳಿರಲಿಲ್ಲ. ಮೊದಲ ಮಳೆಗಾಲದಲ್ಲೇ ಹೆಬ್ರಿ ಕಡೆಯಿಂದ ತಂದ ಎರಡು ಕಟ್ಟು ಗಿಡ ನನ್ನ ನೆಗಡಿಯಿಂದಾಗಿ ಕಪ್ಪು ಲೋಳೆಯಾಗಿ ಹೋಯಿತು.

ನನ್ನ ಹೆಸರು ಸುಂದರಿ. ಮೂರನೇ ಕ್ಲಾಸಿನವರೆಗೆ ಶಾಲೆಗೆ ಹೋದವಳು. ಮಣಿಪಾಲದ ಗುಡ್ಡದ ಮೇಲೆ ಒಂದು ಬಾಡಿಗೆ ಮನೆಯಲ್ಲಿ ನಮ್ಮ ಸರ್ವೆ ಆಫೀಸು ಇತ್ತು. ಎಪ್ಪತ್ತರ ದಶಕದ ನಡುವಿನಿಂದ ಎಂಬತ್ತರ ದಶಕ ಮುಗಿಯುವವರೆಗೆ ನಾನು ಅಲ್ಲಿ ದುಡಿದೆ, ಆಮೇಲೆ ನಿವೃತ್ತಿಯವರೆಗೆ ಬೇರೆ ಕಡೆ. ಯಾವಾಗ ಖಾಯಂ ಆಯಿತು, ಯಾವಾಗ ಏನು ಏರಿತು ಎಂಬುದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಅದರಿಂದ ಯಾರಿಗೂ ಉಪಯೋಗ ಇಲ್ಲ.

ನಮ್ಮ ಕೆಲಸ ಇಷ್ಟು. ಕಾಪುವಿನ ಕಡಲ ದಂಡೆಯಿಂದ ಹೆಬ್ರಿಯ ಘಟ್ಟದ ಬುಡದವರೆಗೆ ನಡೆಯುವುದು. ಯಾವ ಜಾಗದಲ್ಲಿ ಎಂತಹ ನೆಲ, ಅದರ ಮೇಲೆ ಎಂತಹ ಗಿಡ ಎಂದು ನೋಡುವುದು. ಗಿಡ ಕಿತ್ತು ತಂದು ಒಣಗಿಸುವುದು, ಒಂದೊಂದಕ್ಕೆ ಒಂದೊಂದು ಕಾರ್ಡು ಬರೆಯುವುದು. ಆ ಕಾರ್ಡು ನೋಡಿ ನಕ್ಷೆಗೆ ಬಣ್ಣ ಹಚ್ಚುವುದು. ಕಾಡಿಗೆ ಕಡು ಹಸುರು, ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲ ಗಿಡದ ಕೆಸರಿಗೆ ನೀಲಿ, ಗದ್ದೆ ಬಯಲಿಗೆ ತೆಳು ಹಸುರು, ಪದವಿಗೆ ಹಳದಿ. ಎಂತದೂ ಬೆಳೆಯದ ಬರೀ ಬಂಡೆಗೆ ಬಣ್ಣ ಇಲ್ಲ, ಬಿಳಿ. ಈ ನಕ್ಷೆ ನೋಡಿ ಮುಂದೆ ಸರಕಾರದವರು ಯಾವ ಜಾಗವನ್ನು ಮುಟ್ಟದೆ ಉಳಿಸಬೇಕೆಂದು ಪಟ್ಟಿ ಮಾಡುತ್ತಾರೆ ಎಂದು ನಮಗೆ ಹೇಳಿದ್ದರು. ಬಣ್ಣ ಬಿದ್ದ ಜಾಗಕ್ಕೆ ಒಂದು ಆಸೆ ಉಂಟು. ಬಿಳಿ ಬಿಟ್ಟ ಜಾಗವನ್ನು ಯಾರು ಬೇಕಾದರೂ ಅಗೆಯಬಹುದು. ನನಗೆ ಇಡೀ ನಕ್ಷೆಯಲ್ಲಿ ಬೇಕಿದ್ದದ್ದು ಒಂದೇ ಬಣ್ಣ. ನನ್ನ ಊರಿನ ಮುಳಿಪದವಿಗೆ ಹಳದಿ.

ಪದವು ಅಂದರೆ ನಮ್ಮ ಸೀಮೆಯವರಿಗೆ ಹೇಳಬೇಕಾಗಿಲ್ಲ. ಹೊರಗಿನವರಿಗಾಗಿ ಬರೆಯುತ್ತೇನೆ. ಗುಡ್ಡ ಹತ್ತಿದ ಮೇಲೆ ಅದರ ತಲೆ ಚಪ್ಪಟೆಯಾಗಿ ಹರಡಿಕೊಂಡಿರುತ್ತದೆ. ಅಡಿಯಲ್ಲಿ ಕೆಂಪು ಮುರಕಲ್ಲು, ಮೇಲೆ ನಾಲ್ಕು ಬೆರಳು ಮಣ್ಣು. ಬೇಸಗೆಯಲ್ಲಿ ಕಾದ ಕಾವಲಿಯ ಹಾಗೆ. ಮಳೆ ಬಿದ್ದ ಮೇಲೆ ಮೊಣಕಾಲುದ್ದ ಹುಲ್ಲು, ಹುಲ್ಲಿನ ಸಂದಿನಲ್ಲಿ ನೀಲಿ, ಬಿಳಿ, ಹಳದಿ ಹೂ, ತೇವದ ಮಣ್ಣಿನಲ್ಲಿ ಅಂಟು ಎಲೆಯಿಂದ ನುಸಿ ಹಿಡಿದು ತಿನ್ನುವ ಕೆಂಪು ಗಿಡ. ಪಾದೆ ಬೇರೆ. ಪಾದೆ ಅಂದರೆ ಬರೀ ಬಂಡೆ, ಕಾರ್ಕಳದ ದೊಡ್ಡ ಬಂಡೆಯ ಹಾಗೆ. ಅದರ ಮೇಲೆ ಹಪ್ಪಳ ಒಣಗಿಸಬಹುದು. ಈ ಎರಡು ಶಬ್ದಗಳನ್ನು ನೆನಪಿಟ್ಟುಕೊಳ್ಳಿ, ಉಳಿದದ್ದು ಇದರ ಮೇಲೆಯೇ ನಿಂತಿದೆ.

ಶಿರ್ವದಿಂದ ಕಾರ್ಕಳದ ಕಡೆ ಹೋಗುವ ದಾರಿಯಲ್ಲಿ ಮುಳಿಪದವು. ಅದರ ಕೆಳಗೆ ನಮ್ಮ ಮನೆ. ಮಾಡಿಗೆ ಹೊದಿಸುವ ಮುಳಿಹುಲ್ಲು ಕೊಯ್ಯಲು ನಾನು ಹೋಗಿದ್ದೆ. ಒಂದು ಜೀಪು ಬಂದು ನಿಂತಿತು. ತಲೆಗೆ ಟೊಪ್ಪಿ ಹಾಕಿದ ದೊಡ್ಡ ಮನುಷ್ಯರೊಬ್ಬರು ಇಳಿದರು. ಅವರೇ ನಮ್ಮ ದೊಡ್ಡ ಸಾರ್, ಮೈಸೂರು ಕಡೆಯವರು.

"ಈ ಜಾಗಕ್ಕೆ ಏನಂತಾರಮ್ಮ?" ಎಂದು ಕೇಳಿದರು.

"ಪದವು."

"ಯಾವ ಪದವಿ? ಬಿ.ಎ.ನೋ, ಬಿ.ಎಸ್ಸಿ.ನೋ?"

"ಪದವಿ ಅಲ್ಲ. ಪದವು. ನೀವು ಈಗ ಚಪ್ಪಲಿ ಹಾಕಿ ನಿಂತಿದ್ದೀರಲ್ಲ, ಅದು."

ಜೀಪಿನೊಳಗಿಂದ ಡ್ರೈವರ್ ಉಸ್ಮಾನ್ ಬ್ಯಾರಿ ನಕ್ಕದ್ದು ನನಗೆ ಕೇಳಿಸಿತು. ಸಾರ್ ಕೂಡ ನಕ್ಕರು. ಆಮೇಲೆ ಅಲ್ಲಿದ್ದ ಗಿಡಗಳನ್ನೆಲ್ಲ ಒಂದೊಂದಾಗಿ ತೋರಿಸಿ ಹೆಸರು ಕೇಳಿದರು. ಕೇಪುಳ, ಕುಂಟಾಲ, ಚೂರಿಮುಳ್ಳು. ನಾನು ಹೇಳಿದೆ, ಯಾವುದು ಯಾವಾಗ ಹೂ ಬಿಡುತ್ತದೆ, ದನ ಯಾವುದನ್ನು ಮೂಸಿ ಬಿಡುತ್ತದೆ ಎಂಬುದನ್ನೂ ಹೇಳಿದೆ. ಸಾರ್ ಹೇಳಿದರು, "ಪದವಿ ಇರೋರು ನನ್ನ ಹತ್ತಿರ ಬೇಕಾದಷ್ಟು ಜನ ಇದ್ದಾರೆ. ಪದವು ಗೊತ್ತಿರೋರು ಒಬ್ಬರೂ ಇಲ್ಲ. ಕೆಲಸಕ್ಕೆ ಬರ್ತೀಯೇನಮ್ಮ?"

ಮರು ಸೋಮವಾರ ಮಣಿಪಾಲದ ಗುಡ್ಡ ಹತ್ತಿದೆ.

ಆಗಿನ ಕೆಲಸ ಕೈಯ ಕೆಲಸ. ಕಾಡಿನಲ್ಲಿ ಹಗ್ಗ ಎಳೆದು ನಾಲ್ಕು ಮೂಲೆಗೆ ಗೂಟ ಹೊಡೆದು ಚೌಕ ಮಾಡುವುದು, ಆ ಚೌಕದೊಳಗೆ ಇದ್ದ ಒಂದೊಂದು ಗಿಡವನ್ನೂ ಎಣಿಸುವುದು. ಜಿಗಣೆ ಕಚ್ಚಿದರೆ ಎಣಿಕೆ ತಪ್ಪುತ್ತದೆ, ಮತ್ತೆ ಮೊದಲಿನಿಂದ. ಕಿತ್ತ ಗಿಡವನ್ನು ಪೇಪರಿನ ನಡುವೆ ಹರಡಿ ಎರಡು ಹಲಗೆಯ ನಡುವೆ ಬಿಗಿದು ಕಟ್ಟಬೇಕು. ದಿನಾ ಪೇಪರು ಬದಲಿಸಬೇಕು. ಮಳೆಗಾಲದಲ್ಲಿ ಒಲೆಯ ಮೇಲೆ ತಂತಿ ಕಟ್ಟಿ ಪೇಪರು ಒಣಗಿಸುತ್ತಿದ್ದೆ. ಇದು ಪುಸ್ತಕದಲ್ಲಿ ಇಲ್ಲ. ನಮ್ಮ ಮನೆಯಲ್ಲಿ ಮೀನು ಒಣಗಿಸುವ ಕ್ರಮ.

ತಪ್ಪುಗಳೂ ಬೇಕಾದಷ್ಟು ಆದವು. ಒಂದನ್ನು ಹೇಳುತ್ತೇನೆ. ಹೆಬ್ರಿಯ ಫಾರೆಸ್ಟ್ ಬಂಗ್ಲೆಯಲ್ಲಿ ಇದ್ದೆವು. ಮಧ್ಯಾಹ್ನ ಗಂಜಿಗೆ ನೆಂಚಿಕೊಳ್ಳಲು ಎಂತ ಮಾಡುವುದು ಎಂದು ನೋಡುವಾಗ ಮೂಲೆಯಲ್ಲಿ ಒದ್ದೆ ಬಟ್ಟೆಯಲ್ಲಿ ಒಂದು ಕಟ್ಟು ತಿಮರೆ, ಅಂದರೆ ಒಂದೆಲಗದ ಸೊಪ್ಪು ಕಂಡಿತು. ಉಸ್ಮಾನ್ ಬ್ಯಾರಿ ಕೊಯ್ದು ತಂದಿರಬೇಕು ಎಂದುಕೊಂಡು ತೆಂಗಿನಕಾಯಿ, ಹಸಿಮೆಣಸು ಹಾಕಿ ಚಟ್ನಿ ಅರೆದೆ. ಮೂವರೂ ಉಂಡೆವು. ಕೈ ತೊಳೆದ ಮೇಲೆ ಸಾರ್ ಹುಡುಕಾಡಲು ಶುರು ಮಾಡಿದರು. "ಒದ್ದೆ ಬಟ್ಟೆಯಲ್ಲಿ ಒಂದು ಗಿಡ ಕಟ್ಟಿಟ್ಟಿದ್ದೆನಲ್ಲ, ತಿಮರೆ ಥರ ಕಾಣುತ್ತೆ, ಆದರೆ ತಿಮರೆ ಅಲ್ಲ. ಎಲ್ಲಮ್ಮ ಅದು?"

ನಾನು ಒರಳಿನ ಕಡೆ ನೋಡಿದೆ. ಉಸ್ಮಾನ್ ಬ್ಯಾರಿ ಹೇಳಿದ, "ಸಾರ್, ಅರ್ಧ ನಿಮ್ಮ ಹೊಟ್ಟೆಯಲ್ಲಿ ಉಂಟು, ಅರ್ಧ ನನ್ನ ಹೊಟ್ಟೆಯಲ್ಲಿ. ಸುಂದರಿಯಕ್ಕನಿಗೆ ಬರೀ ಒರಳು ತೊಳೆದ ನೀರು ಸಿಕ್ಕಿದ್ದು."

ಸಾರ್ ಒಂದು ಗಳಿಗೆ ಕೆಂಪಾದರು. ಆಮೇಲೆ ನೋಟ್‌ಬುಕ್ ತೆಗೆದು, "ರುಚಿ ಸ್ವಲ್ಪ ಒಗರು" ಎಂದು ಬರೆದರು. ಆ ಗಿಡ ಮತ್ತೆ ಸಿಗಲು ನಾವು ಒಂದು ವಾರ ತೋಡಿನ ಬದಿ ಬದಿಗೆ ಅಲೆದೆವು. ಹಾಗಾಗಿ ನಿಮಗೆ ಹೇಳುವುದು, ಒದ್ದೆ ಬಟ್ಟೆಯಲ್ಲಿ ಇದ್ದದ್ದನ್ನು ಕೇಳದೆ ಅರೆಯಬೇಡಿ.

ಆ ದಿನಗಳಲ್ಲಿ ಸಂಜೆ ನಾಲ್ಕು ಗಂಟೆಗೆ ಆಫೀಸಿನ ಹಿಂದಿನ ಜಗಲಿಯಲ್ಲಿ ಸಾರ್ ಕಾರ್ಡು ಬರೆಯಲು ಕುಳಿತುಕೊಳ್ಳುತ್ತಿದ್ದರು. "ಹೇಳಮ್ಮ ಸುಂದರಿ," ಎನ್ನುತ್ತಿದ್ದರು. ನಾನು ಗಿಡ ಎತ್ತಿ ಹಿಡಿದು ಹೇಳುವುದು, ಅವರು ಬರೆಯುವುದು. ಸಿಕ್ಕಿದ್ದು ಎಲ್ಲಿ, ನೆಲ ಎಂತಹದು, ಊರವರು ಎಂತ ಕರೆಯುತ್ತಾರೆ. ನಾನು ಹೇಳಿದ ಮಾತು ಅಷ್ಟು ದೊಡ್ಡ ಮನುಷ್ಯರ ಕೈಯಿಂದ ಇಂಗ್ಲಿಷಿನಲ್ಲಿ ಕಾಗದದ ಮೇಲೆ ಬೀಳುವುದನ್ನು ನೋಡುತ್ತಾ ನಿಲ್ಲುತ್ತಿದ್ದೆ. ಮನೆಯಲ್ಲಿ ಗಂಡ ಕೂಡ ನನ್ನ ಮಾತನ್ನು ಅಷ್ಟು ಹೊತ್ತು ಕೇಳಿದವನಲ್ಲ.

ಮೂರು ವರ್ಷ ಕಳೆದ ಮೇಲೆ ಸೆವ್ರಿನ್ ಬಾಯಿ ಬಂದಳು.

ಶಿರ್ವದವಳು. ಕೊಂಕಣಿ ಕ್ರಿಸ್ತರ ಮನೆಯವಳು, ಆ ಹೆಂಗಸರನ್ನು ನಮ್ಮಲ್ಲಿ ಬಾಯಿ ಎಂದೇ ಕರೆಯುವುದು. ಕಾನ್ವೆಂಟಿನಲ್ಲಿ ಎಸ್ಸೆಸ್ಸೆಲ್ಸಿ ಮಾಡಿದವಳು, ನನಗಿಂತ ಐದಾರು ವರ್ಷಕ್ಕೆ ಸಣ್ಣವಳು. ಅವಳ ಅಣ್ಣ ಕುವೈಟಿನಿಂದ ತಂದುಕೊಟ್ಟ ಪೆನ್ನು ಅವಳ ಹತ್ತಿರ ಇತ್ತು. ಅಕ್ಷರ ಅಂದರೆ ಅಚ್ಚು ಹಾಕಿದ ಹಾಗೆ. ಕನ್ನಡವೂ ಸೈ, ಇಂಗ್ಲಿಷೂ ಸೈ. ಎರಡೇ ದಿನದಲ್ಲಿ ಸಾರ್ ಹೇಳಿದರು, "ಇನ್ಮೇಲೆ ಕಾರ್ಡು ಸೆವ್ರಿನ್ ಬರೀತಾಳೆ. ನೀನು ಅವಳಿಗೇ ಹೇಳಿಬಿಡಮ್ಮ." ಸಂಜೆ ನಾಲ್ಕು ಗಂಟೆಗೆ ಸಾರ್ ಒಳಗೆ ಕುಳಿತು ಚಾ ಕುಡಿಯಲು ಶುರು ಮಾಡಿದರು.

ಬಾಯಿ ನನ್ನನ್ನು "ಸುಂದರಿಯಕ್ಕ" ಎಂದೂ "ನೀವು" ಎಂದೂ ಕರೆಯುತ್ತಿದ್ದಳು. ನಮ್ಮಿಬ್ಬರ ಮಾತು ತುಳುವಿನಲ್ಲಿ, ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ. ಅವಳ ಬಾಯಿಯಲ್ಲಿ ಒಂದು ಕೆಟ್ಟ ಮಾತು ಬಂದದ್ದು ನಾನು ಕೇಳಿಲ್ಲ. ಒಂದು ಕೆಟ್ಟ ಮಾತು ಆಡಿದ್ದರೆ ನನಗೆ ಎಷ್ಟೋ ಸುಲಭ ಆಗುತ್ತಿತ್ತು. ಊಟಕ್ಕೆ ಇಡ್ಲಿಯ ಹಾಗಿನ ಸನ್ನ ತಂದರೆ ಎರಡು ನನಗೆ ಕೊಡುತ್ತಿದ್ದಳು. ನಾನು ತಿನ್ನುತ್ತಿದ್ದೆ, ಮತ್ತು ಹೊಟ್ಟೆಯೊಳಗೆ ಉರಿಯುತ್ತಿತ್ತು. ಸನ್ನದಿಂದ ಅಲ್ಲ.

ಹೊಟ್ಟೆಕಿಚ್ಚು ಇತ್ತು ಎಂದು ನೇರವಾಗಿ ಬರೆಯುತ್ತೇನೆ. ಈಗಲೂ ಉಂಟು. ಅವಳ ಪೆನ್ನಿನ ಮೇಲೆ, ಅವಳ ಚಪ್ಪಲಿಯ ಮೇಲೆ, ಅವಳು ಒಂದು ಕಾರ್ಡು ಮುಗಿಸಿ ಶಾಯಿ ಆರಲು ಬಾಯಿಯಿಂದ ಮೆಲ್ಲಗೆ ಊದುತ್ತಿದ್ದುದರ ಮೇಲೆ.

ಒಮ್ಮೆ ಕಾಪುವಿನ ಹತ್ತಿರ ಹೊಳೆ ಕಡಲು ಸೇರುವಲ್ಲಿ ಕಾಂಡ್ಲ ಗಿಡ ನೋಡಲು ಹೋಗಿದ್ದೆವು. ನೀರು ಇಳಿದ ಹೊತ್ತು. ಆ ಕೆಸರಿನಲ್ಲಿ ಬೇರಿನ ಮೇಲೆ ಕಾಲಿಟ್ಟು ನಡೆಯಬೇಕು, ಇಲ್ಲದಿದ್ದರೆ ಸೊಂಟದವರೆಗೆ ಹೋಗುತ್ತೀರಿ. ನನಗೆ ಗೊತ್ತಿತ್ತು. ಬಾಯಿಗೆ ಹೇಳಲಿಲ್ಲ. ಅವಳು ಹೋದಳು, ಸೊಂಟದವರೆಗೆ.

"ಸುಂದರಿಯಕ್ಕ, ಕೈ ಕೊಡಿ!" ಎಂದು ಕೂಗಿದಳು.

ನಾನು ಸೀರೆ ಎತ್ತಿ ಕಟ್ಟುವ ನೆಪದಲ್ಲಿ ಸ್ವಲ್ಪ ತಡ ಮಾಡಿದೆ. ಅಷ್ಟರಲ್ಲಿ ಉಸ್ಮಾನ್ ಬ್ಯಾರಿ ಓಡಿ ಬಂದು ಎಳೆದು ಹಾಕಿದ. ಅವಳು ನಗುತ್ತಾ ಎದ್ದಳು. ಬೀಳುವಾಗ ಹಿಡಿದುಕೊಂಡ ಒಂದು ಗಿಡ ಬೇರು ಸಮೇತ ಅವಳ ಮುಷ್ಟಿಯಲ್ಲಿ ಬಂದಿತ್ತು. ಸಾರ್ ಅದನ್ನು ನೋಡಿ ಕುಣಿಯುವುದೊಂದು ಬಾಕಿ. ನಮ್ಮ ಪಟ್ಟಿಯಲ್ಲಿ ಅಲ್ಲಿಯವರೆಗೆ ಇಲ್ಲದ ಗಿಡ ಅದು. "ಬಿದ್ದರೂ ಬರಿಗೈಯಲ್ಲಿ ಏಳಲ್ಲ ನಮ್ಮ ಸೆವ್ರಿನ್!" ಎಂದರು. ನಾನು ಆ ಕೆಸರಿನಲ್ಲಿ ಬೀಳದೆ ಎಷ್ಟು ಸಲ ನಡೆದಿದ್ದೆ, ಅದನ್ನು ಯಾರೂ ನೋಡಲಿಲ್ಲ.

ಇನ್ನೊಂದು ಸಲ ಸಾರ್ ಒಂದು ದೊಡ್ಡ ನಕ್ಷೆ ತಂದು ಗೋಡೆಗೆ ಹೊಡೆದರು. ಇಡೀ ಲೋಕದ್ದು. ದೇಶದ ಗಡಿ ಬಿಟ್ಟು, ಗಿಡಮರ ಪ್ರಾಣಿ ನೋಡಿ ಲೋಕವನ್ನು ತುಂಡು ತುಂಡು ಮಾಡಿದ ನಕ್ಷೆ. ಮರುಭೂಮಿಗೊಂದು ಬಣ್ಣ, ಹಿಮದ ಸೀಮೆಗೊಂದು ಬಣ್ಣ. ಹೊರದೇಶದಲ್ಲಿ ದೊಡ್ಡ ದೊಡ್ಡವರು ಕುಳಿತು ಮಾಡಿದ್ದಂತೆ, ಯಾವ ಬಗೆಯ ಸೀಮೆ ಎಲ್ಲೆಲ್ಲಿ ಉಳಿದಿದೆ ಎಂದು ಗೊತ್ತಾಗಬೇಕಂತೆ. ಬಾಯಿ ಅದರಲ್ಲಿದ್ದ ಇಂಗ್ಲಿಷ್ ಹೆಸರುಗಳನ್ನು ಗಟ್ಟಿಯಾಗಿ ಓದಿ ಹೇಳಿದಳು. ನಮ್ಮ ಸೀಮೆ ಎಲ್ಲಿ ಎಂದು ಕೇಳಿದಾಗ ಸಾರ್ ಕಿರುಬೆರಳಿನ ಉಗುರು ಇಟ್ಟರು. ಉಗುರಿನ ಅಡಿಯಲ್ಲಿ ಎಲ್ಲ ಒಂದೇ ಹಸುರು.

ನಾನು ಹೇಳಿದೆ, "ಸಾರ್, ಕಾಪುವಿನಲ್ಲಿ ಬಂಗುಡೆ ಹಿಡಿಯುವವನೂ ಹೆಬ್ರಿಯಲ್ಲಿ ಧೂಪ ಒಟ್ಟುಮಾಡುವವನೂ ಒಂದೇಯಾ? ಇದನ್ನು ಮಾಡಿದವರು ಬಸ್ಸಿನಲ್ಲಿ ನಿದ್ದೆ ಮಾಡಿ ಹೋದದ್ದಾ?"

ಸಾರ್ ತುಂಬಾ ಹೊತ್ತು ನಕ್ಕರು. "ಅದಕ್ಕೇ ನಮ್ಮದು ಬೇಕಾಗಿರೋದಮ್ಮ. ಅವರ ಒಂದು ಹಸುರಿನೊಳಗೆ ನಾವು ನಾಲ್ಕು ಬಣ್ಣ ತೋರಿಸಬೇಕು," ಎಂದರು. ಆ ದಿನ ನನಗೆ ಸಮಾಧಾನ ಆಯಿತು. ಸಂಜೆ ಬಾಯಿ ನನ್ನ ಮಾತನ್ನು ಒಂದು ಚೀಟಿಯಲ್ಲಿ ಚಂದವಾಗಿ ಬರೆದು ಆ ನಕ್ಷೆಯ ಕೆಳಗೆ ಅಂಟಿಸಿದಳು. ನೋಡಲು ಬಂದವರೆಲ್ಲ ಓದಿ ನಕ್ಕು, "ಯಾರು ಬರೆದದ್ದು ಇದು? ಅಕ್ಷರ ಚಂದ ಉಂಟು," ಎಂದು ಕೇಳುತ್ತಿದ್ದರು.

ನಾನು ಮಾಡಿದ ಕೆಟ್ಟ ಕೆಲಸ ಅದಾದ ಕೆಲವು ದಿನದ ಮೇಲಿನದ್ದು.

ಮುಳಿಪದವಿನಿಂದ ಮಳೆಗಾಲದಲ್ಲಿ ನಾನೇ ಕಿತ್ತು ತಂದ ಗಿಡಗಳ ಕಾರ್ಡು ಬರೆಯುವ ಸರದಿ ಬಂತು. ಬಾಯಿ ಪೆನ್ನು ಎತ್ತಿ ಕೇಳಿದಳು, "ಸುಂದರಿಯಕ್ಕ, ಊರ ಹೆಸರು ಮುಳಿಪದವು ಅಂತ ಬರೆದೆ. ನೆಲದ ಬಗೆ ಎಂತ ಬರೆಯುವುದು? ಹೆಸರಿನಲ್ಲಿ ಪದವು ಉಂಟು, ಆದರೆ ನೀವು ಕೊಟ್ಟ ಚೀಟಿಯಲ್ಲಿ ಎಲ್ಲ ಕಲ್ಲಿನ ಮೇಲೆ ಸಿಕ್ಕಿದ್ದು ಅಂತ ಉಂಟು. ಪದವಾ, ಪಾದೆಯಾ?"

ಅವಳು ಶಿರ್ವದ ಗದ್ದೆ ಬದಿಯ ಮನೆಯವಳು. ಮಳೆಗಾಲದಲ್ಲಿ ಪದವು ಹತ್ತಿದವಳಲ್ಲ. ಕೇಳಿದ್ದು ಸರಿಯೇ ಇತ್ತು.

ನಾನು ಹೇಳಿದೆ, "ಪಾದೆ."

"ಖಂಡಿತವಾ?"

"ಅಲ್ಲಿ ಹುಟ್ಟಿದವಳು ನೀನಾ ನಾನಾ?"

ಅವಳು ಪಾದೆ ಎಂದು ಬರೆದಳು. ಊದಿದಳು. ಮುಂದಿನದನ್ನು ತೆಗೆದುಕೊಂಡಳು.

ನನ್ನ ಎಣಿಕೆ ಹೀಗಿತ್ತು. ಆ ಪದವಿನ ಮೇಲೆ ಸಾರ್ ತಾವೇ ನಿಂತವರು. ಪದವಿ, ಪದವು ಎಂದು ತಮಾಷೆ ಮಾಡಿದವರು. ಸಂಜೆ ಕಾರ್ಡು ನೋಡುವಾಗ ಅವರ ಕಣ್ಣಿಗೆ ಬೀಳುತ್ತದೆ. "ಏನಮ್ಮ ಸೆವ್ರಿನ್, ಇಷ್ಟೂ ಗೊತ್ತಾಗಲ್ವಾ?" ಎಂದು ಒಮ್ಮೆ ಗದರಿಸುತ್ತಾರೆ. ಆಮೇಲೆ ನಾನು ಕರೆದು ತಿದ್ದಿಸುತ್ತೇನೆ. ಒಂದು ಸಂಜೆಯ ಮಾತು. ಅಷ್ಟೇ ಬೇಕಿದ್ದದ್ದು ನನಗೆ.

ಸಾರ್ ಕಾರ್ಡುಗಳನ್ನು ಇಸ್ಪೀಟಿನ ಹಾಗೆ ಹರಡಿ ನೋಡಿದರು. "ಎಷ್ಟು ಚೊಕ್ಕವಾಗಿದೆ ನೋಡು. ಇದನ್ನು ಇನ್ನೊಮ್ಮೆ ನೋಡೋ ಅಗತ್ಯವೇ ಇಲ್ಲ," ಎಂದು ಸಹಿ ಹಾಕಿದರು.

ಆಗ ಹೇಳಬಹುದಿತ್ತು. ಹೇಳಿದ್ದರೆ ನಾನು ಸುಳ್ಳಿ ಆಗುತ್ತಿದ್ದೆ, ಅವಳು ಒಳ್ಳೆಯವಳಾಗಿಯೇ ಇರುತ್ತಿದ್ದಳು. ನಾಳೆ ಎಂದುಕೊಂಡೆ.

ಬಾಯಿ ಅಚ್ಚುಕಟ್ಟಿನವಳು. ಒಮ್ಮೆ ಒಂದು ಕ್ರಮ ಹಿಡಿದರೆ ಬಿಡುವವಳಲ್ಲ. ಮುಳಿಪದವಿನಲ್ಲಿ ಸಿಕ್ಕಿದ ಗಿಡಗಳೇ ಬೇರೆ ಪದವುಗಳಿಂದ ಬಂದಾಗ ಅವಕ್ಕೂ ಪಾದೆ ಎಂದೇ ಬರೆದಳು. ಕಾರ್ಕಳದವರೆಗೆ ಅಂತಹ ಜಾಗ ಎಷ್ಟು ಇತ್ತೋ ಅಷ್ಟೂ ಪಾದೆಯಾಯಿತು. ನಾನು ಆ ಗಿಡಗಳಿಗೆ ದಿನಾ ಪೇಪರು ಬದಲಿಸುತ್ತಾ ನೋಡುತ್ತಿದ್ದೆ. ಹೊಸದಾಗಿ ಈ ಕೆಲಸಕ್ಕೆ ಬಂದವರು ಇದನ್ನು ತಿಳಿದಿರಬೇಕು. ಕೆಟ್ಟ ಅಕ್ಷರದ ತಪ್ಪನ್ನು ಹತ್ತು ಜನ ಹಿಡಿಯುತ್ತಾರೆ. ಚಂದದ ಅಕ್ಷರದ ತಪ್ಪನ್ನು ಹತ್ತು ಜನ ನಕಲು ಮಾಡುತ್ತಾರೆ.

ಎಂಬತ್ತನೇ ಇಸವಿ ದಾಟಿದ ಮೇಲೆ ಕೆಲಸದ ಕ್ರಮವೇ ಬದಲಾಯಿತು. ಆಕಾಶದಿಂದ ತೆಗೆದ ಫೋಟೋಗಳು ಬಂದವು. ಉಪಗ್ರಹದ್ದು ಎಂದರು. ಅದರಲ್ಲಿ ಕಾಡು ಕೆಂಪಗೆ ಕಾಣುತ್ತದೆ. ಯಾಕೆಂದು ಸಾರ್ ವಿವರಿಸಿದರು, ನನಗೆ ಅರ್ಥ ಆಗಲಿಲ್ಲ, ಒಪ್ಪಿಕೊಂಡೆ. ಹಗ್ಗ, ಗೂಟ ಎಲ್ಲ ಮೂಲೆ ಸೇರಿದವು. ಮೂರು ತಿಂಗಳು ನಡೆದು ನೋಡುವುದನ್ನು ಸಾರ್ ಒಂದು ಭೂತಗನ್ನಡಿ ಹಿಡಿದು ಮೂರು ದಿನದಲ್ಲಿ ನೋಡುತ್ತಿದ್ದರು. ಹೆಬ್ರಿ ಕೆಂಪು, ಕಡಲು ಕಪ್ಪು. ಪದವುಗಳು ಬೂದಿ ಬಣ್ಣ, ಸುಟ್ಟು ಬಿಟ್ಟ ಹಾಗೆ.

ಸಾರ್ ಬಾಯಿಯ ಕಾರ್ಡುಗಳನ್ನು ಪಕ್ಕದಲ್ಲಿಟ್ಟು ನೋಡಿ ಮೇಜು ತಟ್ಟಿದರು. "ನೋಡಿ, ಕಾರ್ಡೂ ಬಂಡೆ ಅನ್ನುತ್ತೆ, ಫೋಟೋನೂ ಬಂಡೆ ಅನ್ನುತ್ತೆ. ಇದಕ್ಕಿಂತ ಸಾಕ್ಷಿ ಬೇಕಾ?" ನಕ್ಷೆಯ ಕರಡಿನಲ್ಲಿ ಮುಳಿಪದವು ಬಿಳಿಯಾಯಿತು. ಅದರ ಹಾಗಿನವೆಲ್ಲ ಬಿಳಿಯಾದವು. ಕರಡು ಜಿಲ್ಲೆಯ ಆಫೀಸುಗಳಿಗೆ ಹೋಯಿತು.

ಒಂದು ಆದಿತ್ಯವಾರ ನಾನು ಮನೆಯಲ್ಲಿದ್ದಾಗ ಪದವಿನ ಮೇಲೆ ನಾಲ್ಕು ಜನ ಟೇಪು ಹಿಡಿದು ಸುಣ್ಣದ ಗೆರೆ ಎಳೆಯುತ್ತಿದ್ದರು. ಮುರಕಲ್ಲಿನ ಕೋರೆಗೆ, ಅಂದರೆ ಕಲ್ಲಿನ ಗಣಿಗೆ. ಬಡಗು ಮೂಲೆಯಲ್ಲಿ ಆಗಲೇ ಕಲ್ಲು ಕಡಿಯಲು ಶುರುವಾಗಿತ್ತು. ನಾನು ಹೋಗಿ ಕೇಳಿದೆ. ಅವರಲ್ಲಿ ಒಬ್ಬ ಹೇಳಿದ, "ಎಂತ ಅಕ್ಕ, ಬರೀ ಕಲ್ಲು ಅಲ್ವಾ ಇದು? ನಕ್ಷೆಯಲ್ಲೂ ಹಾಗೆಯೇ ಉಂಟಂತೆ. ಯಾರಿಗೆ ತೊಂದರೆ?"

ಮರುದಿನ ಬೆಳಿಗ್ಗೆ ಬಸ್ಸು ಇಳಿದವಳು ಚೀಲವನ್ನೂ ಇಡದೆ ಸಾರ್ ಕೋಣೆಗೆ ಹೋದೆ. "ಸಾರ್, ಮುಳಿಪದವು ಪಾದೆ ಅಲ್ಲ," ಎಂದೆ.

ಅವರು ಫೋಟೋ ಮುಂದಿಟ್ಟರು. "ನೀನೇ ನೋಡಮ್ಮ. ಆಕಾಶ ಸುಳ್ಳು ಹೇಳುತ್ತಾ?"

"ಆಕಾಶ ಇದನ್ನು ನೋಡಿದ್ದು ಯಾವಾಗ ಸಾರ್?"

ಅವರು ಫೋಟೋದ ಅಂಚು ಓದಿದರು. "ಬೇಸಗೆಯಲ್ಲಿ."

"ಆಟಿ ತಿಂಗಳಲ್ಲಿ ನೋಡಲಿ. ಜೋರು ಮಳೆಯಲ್ಲಿ."

"ಆಗ ಮೋಡ ಅಲ್ವೇನಮ್ಮ? ಏನೂ ಕಾಣಲ್ಲ."

"ಅದೇ ಸಾರ್ ನಾನು ಹೇಳುವುದು. ಹೂ ಇರುವಾಗ ಅದಕ್ಕೆ ಕಣ್ಣಿಲ್ಲ. ಕಣ್ಣು ಇರುವಾಗ ಹೂ ಇಲ್ಲ."

ಸಾರ್ ಕನ್ನಡಕ ತೆಗೆದರು. ಆಮೇಲೆ ನಾನು ಹೆದರಿದ್ದ ಪ್ರಶ್ನೆಯನ್ನು ಕೇಳಿದರು. "ಹಾಗಾದರೆ ಕಾರ್ಡಿನಲ್ಲಿ ಪಾದೆ ಅಂತ ಯಾಕ್ ಬಂತು?"

ನಾನು ಹೇಳಬೇಕಾದದ್ದು ಒಂದೇ ಮಾತು. ನನ್ನ ನಾಲಗೆಗೆ ಬಂದದ್ದು ಬೇರೆ.

"ಬರೆದವರನ್ನು ಕೇಳಿ," ಎಂದೆ.

ಸೆವ್ರಿನ್ ಬಾಯಿಯನ್ನು ಕರೆದರು. ಅವಳು ಸೆರಗಿಗೆ ಕೈ ಒರಸಿಕೊಂಡು ಬಂದಳು. ಸಾರ್ ಕಾರ್ಡು ತೋರಿಸಿ ಕೇಳಿದರು. ಅವಳು ಕಾರ್ಡು ನೋಡಿದಳು, ನನ್ನನ್ನು ನೋಡಿದಳು. ಅವಳು ನನ್ನತ್ತ ಬೆರಳು ತೋರಿಸಲಿ ಎಂದು ಕಾಯುತ್ತಿದ್ದೆ. ತೋರಿಸಿದರೆ ಜಗಳ ಆಡಬಹುದಿತ್ತು.

"ನಾನು ತಪ್ಪು ಬರೆದೆ ಸಾರ್," ಎಂದಳು. "ಪದವು ಅಂತ ಬರೆಯಬೇಕಿತ್ತು. ಬೇರೆ ಕಾರ್ಡುಗಳಲ್ಲೂ ಇದೇ ತಪ್ಪು ಉಂಟು. ಎಲ್ಲ ನನ್ನದೇ."

ಸಾರ್ ಗದರಿಸಿದರು. ಇಷ್ಟು ವರ್ಷ ನಾನು ಕಾದಿದ್ದ ಗದರಿಕೆ. ಕಿವಿಯಲ್ಲಿ ಕೇಳಲು ಒಂದು ಗಳಿಗೆ ಕೂಡ ಹಿತ ಅನ್ನಿಸಲಿಲ್ಲ.

ಆಟಿಯಲ್ಲಿ ಜೀಪು ಮುಳಿಪದವಿಗೆ ಹೋಯಿತು. ಮಳೆ ಹೇಗೆ ಹೊಡೆಯುತ್ತಿತ್ತೆಂದರೆ ಉಸ್ಮಾನ್ ಬ್ಯಾರಿ ಕಿಟಿಕಿಯಿಂದ ತಲೆ ಹೊರಗೆ ಹಾಕಿ ಜೀಪು ಬಿಡಬೇಕಾಯಿತು. ಮೇಲೆ ಹತ್ತಿದ ಮೇಲೆ ಸಾರ್ ಕೊಡೆ ಮಡಚಿದರು. ಇಡೀ ಪದವು ನೀಲಿ. ಕಾಲಿಡಲು ಜಾಗ ಇಲ್ಲ. ಬಾಯಿ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡಳು. ಉಸ್ಮಾನ್ ಬ್ಯಾರಿ ಹೇಳಿದ, "ಎಂತ ಮಾರಾಯ್ತಿ ಸುಂದರಿಯಕ್ಕ, ನಿನ್ನ ಊರಿನಲ್ಲಿ ಇಷ್ಟು ಉಂಟು ಅಂತ ನೀನು ಒಮ್ಮೆಯೂ ಬಾಯಿ ಬಿಡಲಿಲ್ಲವಲ್ಲ!"

ಬಡಗು ಮೂಲೆಯಲ್ಲಿ ಕಲ್ಲು ಕಡಿದ ಹೊಂಡದಲ್ಲಿ ಕೆಂಪು ನೀರು ನಿಂತಿತ್ತು. ಸಾರ್ ಅಲ್ಲಿಗೆ ಹೋಗಿ ನಿಂತು ಬಂದರು.

ಹಿಂದೆ ಬರುವಾಗ ಬಾಯಿಯೂ ನಾನೂ ಜೀಪಿನ ಹಿಂದಿನ ಸೀಟಿನಲ್ಲಿ. ನಾನು ತಡೆಯಲಾರದೆ ಕೇಳಿದೆ, "ಪಾದೆ ಅಂತ ಹೇಳಿದ್ದು ನಾನಲ್ವಾ? ನಿನಗೆ ನೆನಪು ಇಲ್ವಾ?"

"ನೆನಪು ಉಂಟು."

"ಮತ್ತೆ ಯಾಕೆ ಹೇಳಲಿಲ್ಲ?"

"ಹೇಳಿದ್ದು ನೀವು ಹೌದು ಸುಂದರಿಯಕ್ಕ. ಬರೆದದ್ದು ನಾನಲ್ವಾ? ಅಕ್ಷರ ಯಾರದ್ದು?"

ಅವಳು ಚುಚ್ಚಲು ಹೇಳಿದ್ದಲ್ಲ. ಅವಳ ಮುಖ ನೋಡಿದೆ, ಹಾಗೆ ಇರಲಿಲ್ಲ. ಚುಚ್ಚಿದ್ದರೆ ತಿರುಗಿಸಿ ಕೊಡುತ್ತಿದ್ದೆ.

ಮುಂದೆ ಎರಡು ತಿಂಗಳು ಅವಳು ರಜೆ ಕೂಡ ಮಾಡದೆ ಅಷ್ಟೂ ಕಾರ್ಡು ಹೊಸದಾಗಿ ಬರೆದಳು. ಸಾರ್ ಪೇಟೆಯ ಆಫೀಸುಗಳಿಗೆ ಅಲೆದು ಕರಡನ್ನು ಹಿಂದಕ್ಕೆ ತರಿಸಿದರು. ಮುಳಿಪದವಿನ ಉಳಿದ ಭಾಗ ಹಳದಿಯಾಯಿತು, ಕೋರೆ ನಿಂತಿತು. ಕಾರ್ಕಳದ ಕಡೆ ಎರಡು ಪದವು ಅಷ್ಟರಲ್ಲಿ ಪೂರ್ತಿ ಹೋಗಿದ್ದವು. ಅಲ್ಲಿ ಈಗ ಹೊಂಡ ಮಾತ್ರ. ಅದು ನನ್ನಿಂದ. ಬೇರೆ ಯಾರಿಂದಲೂ ಅಲ್ಲ.

ನಕ್ಷೆಯ ಜೊತೆಗೆ ಕನ್ನಡದಲ್ಲಿ ಒಂದು ಪುಸ್ತಕ ಅಚ್ಚಾಯಿತು. ಹಿಂದಿನ ಪುಟದಲ್ಲಿ ತಿದ್ದುಪಡಿ ಎಂದು ಉಂಟು. ನೆಲದ ಬಗೆಯನ್ನು ಬರೆಯುವಾಗ ಸೆವ್ರಿನ್ ಬಾಯಿಯವರಿಂದ ಆದ ತಪ್ಪನ್ನು ಅವರೇ ಒಪ್ಪಿಕೊಂಡು, ಮಳೆಗಾಲದಲ್ಲಿ ಸ್ಥಳಕ್ಕೆ ಹೋಗಿ ಸರಿಪಡಿಸಿದ್ದಾರೆ, ಅವರ ಪ್ರಾಮಾಣಿಕತೆಗೆ ಕೃತಜ್ಞರು ಎಂದು ಸಾರ್ ಬರೆದಿದ್ದಾರೆ. ಅದರ ಕೆಳಗೆ, ಸ್ಥಳೀಯ ಸಹಾಯಕರಿಗೂ ವಂದನೆ ಎಂದು ಉಂಟು. ಆ ಸಹಾಯಕರು ಎಂದರೆ ನಾನು.

ಆ ಪುಟವನ್ನು ನಾನು ಅಕ್ಷರ ಅಕ್ಷರ ಕೂಡಿಸಿ ಎಷ್ಟು ಸಲ ಓದಿದ್ದೇನೋ. ಗಿಡ ತೋರಿಸಿದ್ದು ನಾನು, ಅದಕ್ಕೆ ಹೆಸರು ಇಲ್ಲ ಎಂದರೆ ಒಪ್ಪಬಹುದು, ಓದಿದವರ ಲೋಕ ಹಾಗೆಯೇ. ಆದರೆ ತಪ್ಪು ನನ್ನದಾಗಿತ್ತು. ಅಷ್ಟು ದೊಡ್ಡ ತಪ್ಪನ್ನು ಆ ಆಫೀಸಿನಲ್ಲಿ ಬೇರೆ ಯಾರೂ ಮಾಡಿಲ್ಲ. ಅದನ್ನೂ ಅವಳೇ ತೆಗೆದುಕೊಂಡಳು.

ಸಾರ್ ಈಗ ಇಲ್ಲ. ಅವರಿಗೆ ನಾನು ಹೇಳಲೇ ಇಲ್ಲ. ಹೇಳಬೇಕು ಎಂದು ಎರಡು ಸಲ ಕೋಣೆಯ ಬಾಗಿಲವರೆಗೆ ಹೋಗಿ ಬಂದಿದ್ದೇನೆ. ಅದಕ್ಕಾಗಿ ಇದನ್ನು ಬರೆದದ್ದು. ಈ ಕೆಲಸಕ್ಕೆ ಸೇರುವವರು ಆ ಪುಸ್ತಕವನ್ನು ಓದಿಯೇ ಓದುತ್ತೀರಿ. ಹಿಂದಿನ ಪುಟಕ್ಕೆ ಬಂದಾಗ ಪೆನ್ಸಿಲಿನಲ್ಲಿ ಅವಳ ಹೆಸರು ಹೊಡೆದು ನನ್ನದನ್ನು ಬರೆಯಿರಿ.

ಹೋದ ತಿಂಗಳು ಶಿರ್ವಕ್ಕೆ ಹೋಗಿ ಅವಳಿಗೂ ಹೇಳಿ ಬಂದೆ. ತಲೆ ಪೂರ್ತಿ ಬೆಳ್ಳಗಾಗಿದೆ, ಕಣ್ಣಿಗೆ ದಪ್ಪ ಕನ್ನಡಕ. "ನೀನು ತೆಗೆದುಕೊಂಡದ್ದನ್ನು ನಾನು ವಾಪಸು ತೆಗೆದುಕೊಳ್ಳುತ್ತಿದ್ದೇನೆ, ಎಲ್ಲ ಬರೆಯುತ್ತಿದ್ದೇನೆ," ಎಂದೆ.

"ಬರೆಯಿರಿ ಸುಂದರಿಯಕ್ಕ, ಒಳ್ಳೆಯದಾಯಿತು," ಎಂದಳು. ಸ್ವಲ್ಪ ಯೋಚಿಸಿ ಹೇಳಿದಳು, "ಬರೆದು ಮುಗಿಸಿದ ಮೇಲೆ ನನಗೆ ಕೊಡಿ. ಅಕ್ಷರ ತಪ್ಪು ಇದ್ದರೆ ತಿದ್ದಿ ಚಂದ ಮಾಡಿ ಬರೆದು ಕೊಡುತ್ತೇನೆ."

ಕೊಡಲಿಲ್ಲ. ಇದರಲ್ಲಿರುವ ತಪ್ಪುಗಳೆಲ್ಲ ನನ್ನವು.